ಹೊಳೆಯ ಪಾಲು

ಬೇಸಗೆಯಲ್ಲಿ ಕುಂದಾಪುರದ ಹೊಳೆಸಾಲಿನ ಯಾವುದಾದರೂ ಕುದ್ರುವಿನ ಮನೆಗೆ ಹೋದರೆ ಕುಶಲ ಕೇಳುವ ಮೊದಲೇ ಆಸರಿಗೆ ಬರುತ್ತದೆ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಮಾಘದವರೆಗೆ ಬೆಲ್ಲ ಬೆಲ್ಲದ ಹಾಗೆಯೇ ಇರುತ್ತದೆ. ಚೈತ್ರ ದಾಟಿತೆಂದರೆ ಬೆಲ್ಲದ ಬೆನ್ನಿಗೇ ನಾಲಿಗೆಗೆ ಉಪ್ಪು ತಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಮುಖ ನೋಡಿಯೇ ಅರ್ಥ ಮಾಡಿಕೊಂಡ ಮನೆಯಾಕೆ ತಾವಾಗಿ ಹೇಳುತ್ತಾರೆ: ‘ಬಾಮಿಯಗೆ ನೀರ್ ಇತ್ತ್ ಹ್ವಾಯ್, ಬಾಯಿಗ್ ಹಾಕುಕ್ ಆತಿಲ್ಲೆ.’

ನಾಲ್ಕೂ ಕಡೆ ನೀರಿರುವ ಜಾಗದಲ್ಲಿ ಕೇಳುವ ಮಾತು ಇದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ದಕ್ಷಿಣಕ್ಕೆ ಬ್ರಹ್ಮಾವರದ ಕಡೆ ಸೀತಾನದಿ, ಸ್ವರ್ಣಾ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಒಂದು ಎಕರೆಯ ಮೇಲೆ ಬೀಳುವ ಮಳೆಯನ್ನೇ ಲೆಕ್ಕ ಹಾಕಿ: ಸುಮಾರು 1.6 ಕೋಟಿ ಲೀಟರ್. ಗ್ರಾಮೀಣ ಮನೆಗಳಿಗೆ ಜಲ ಜೀವನ್ ಮಿಷನ್ ಗೊತ್ತು ಮಾಡಿರುವ ತಲೆಗೆ ದಿನಕ್ಕೆ 55 ಲೀಟರಿನ ಪ್ರಮಾಣದಲ್ಲಿ ಹಂಚಿದರೆ ಆ ಒಂದೇ ಎಕರೆಯ ಮಳೆ ಎಂಟುನೂರು ಜನರಿಗೆ ವರ್ಷಪೂರ್ತಿ ಸಾಕು. ಕಾಗದದ ಮೇಲೆ ನಮ್ಮಷ್ಟು ನೀರಿನ ಸಿರಿವಂತರು ಲೋಕದಲ್ಲಿ ಕಡಿಮೆ. ಆದರೂ ಮೇ ತಿಂಗಳಲ್ಲಿ ಪಂಚಾಯ್ತಿಯ ಟ್ಯಾಂಕರ್ ಯಾವ ತಿರುವಿನಲ್ಲಿ ಬರುತ್ತಿದೆ ಎಂಬುದು ಊರಿನ ದೊಡ್ಡ ಸುದ್ದಿ.

ಯಾವ ದೇಶ ನೀರನ್ನು ಯಾವುದಕ್ಕೆಷ್ಟು ಖರ್ಚು ಮಾಡುತ್ತದೆ ಎಂಬ ಕೋಷ್ಟಕವೊಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ‘ಅಕ್ವಾಸ್ಟಾಟ್’ ಎಂಬ ಹೆಸರಿನಲ್ಲಿ ಬಹಳ ವರ್ಷಗಳಿಂದ ಅದನ್ನು ಕೂಡಿಸುತ್ತ ಬಂದಿದೆ. ಮೂರೇ ಮೂರು ಕಂಬ: ಕೃಷಿ, ಕೈಗಾರಿಕೆ, ಮನೆ-ಪೇಟೆ. ಲೋಕದ ಸರಾಸರಿಯಲ್ಲಿ ಎತ್ತಿದ ನೀರಿನ ಶೇ 70ರಷ್ಟು ಕೃಷಿಗೆ, ಶೇ 20ರ ಹತ್ತಿರ ಕೈಗಾರಿಕೆಗೆ, ಉಳಿದದ್ದು ಮನೆಗಳಿಗೆ. ಭಾರತದ ಹೆಸರಿನ ಮುಂದೆ 2010ರ ಲೆಕ್ಕದಲ್ಲಿ 761 ಶತಕೋಟಿ ಘನ ಮೀಟರ್ ಎಂದಿದ್ದು, ಅದರಲ್ಲಿ ಶೇ 90ರಷ್ಟು ಕೃಷಿಯದು, ಶೇ 7ಕ್ಕೆ ಸ್ವಲ್ಪ ಹೆಚ್ಚು ಮನೆಗಳದು, ಕೈಗಾರಿಕೆಯದು ಬರೇ ಶೇ 2ರ ಮೇಲೆ ಚೂರು. ಅಮೆರಿಕದ ಪಟ್ಟಿ ಬೇರೆಯೇ ಮುಖ ತೋರಿಸುತ್ತದೆ. ಅಲ್ಲಿ 2015ರಲ್ಲಿ ಎತ್ತಿದ ಒಟ್ಟು ನೀರಿನ ಶೇ 41 ಹೋದದ್ದು ಉಷ್ಣ ವಿದ್ಯುತ್ ಸ್ಥಾವರಗಳನ್ನು ತಣ್ಣಗಿಡುವುದಕ್ಕೆ. ನೀರಾವರಿಗೆ ಶೇ 37, ನಲ್ಲಿಗಳಿಗೆ ಶೇ 12. ಜರ್ಮನಿಯಲ್ಲಂತೂ ಕೃಷಿಯ ಕಂಬವನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಸಿಂಗಪುರಕ್ಕೆ ಗದ್ದೆಯೇ ಇಲ್ಲ.

ಈ ಕೋಷ್ಟಕ ಇಟ್ಟುಕೊಂಡು ಭಾಷಣ ಮಾಡುವವರು ಸಾಮಾನ್ಯವಾಗಿ ರೈತನ ಕಡೆಗೆ ಬೆರಳು ತೋರಿಸಿ ಮುಗಿಸುತ್ತಾರೆ. ತೊಂಬತ್ತು ಪಾಲು ನೀನೇ ಕುಡಿದರೆ ಉಳಿದವರು ಏನು ಮಾಡಬೇಕು ಎಂಬ ಧಾಟಿ. ಬೈಂದೂರಿನ ಬೈಲುಗದ್ದೆಯಲ್ಲಿ ಆಸಾಡಿಯ ಮಳೆಗೆ ನೇಜಿ ನೆಡುವವರಿಗೆ ಈ ಮಾತು ಹೇಳಿದರೆ ಅವರು ನಗಬಹುದು. ಆ ನೀರನ್ನು ಅವರು ಎಲ್ಲಿಂದಲೂ ಎತ್ತಿಲ್ಲ. ಅದು ಆಕಾಶದಿಂದ ಬಿದ್ದದ್ದು, ಹೆಚ್ಚಾದದ್ದನ್ನು ಹೊರಗೆ ಕಳಿಸುವುದೇ ಅವರ ಕೆಲಸ. ಒಂದು ಕಿಲೋ ಅಕ್ಕಿಗೆ ಸುಮಾರು 2,500 ಲೀಟರ್ ನೀರು ಬೇಕೆಂಬ ಜಾಗತಿಕ ಸರಾಸರಿ ಪ್ರಸಿದ್ಧವಾಗಿದೆಯಷ್ಟೆ. ಪಂಜಾಬಿನ ಅಕ್ಕಿಯಲ್ಲಿ ಅದರ ದೊಡ್ಡ ಪಾಲು ಕೊಳವೆಬಾವಿಯದು. ನಮ್ಮ ಮಳೆಗಾಲದ ಕಾರ್ತಿ ಬೆಳೆಯ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಮಳೆಯದು. ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕೆನ್‌ಮಾರ್ಕ್ 1990ರ ದಶಕದಲ್ಲಿ ಮಣ್ಣಿನ ಪಸೆಯಾಗಿ ಗಿಡಕ್ಕೆ ಸೇರುವ ಮಳೆಯನ್ನು ‘ಹಸಿರು ನೀರು’, ಹೊಳೆ-ಬಾವಿಗಳಲ್ಲಿ ನಿಲ್ಲುವುದನ್ನು ‘ನೀಲಿ ನೀರು’ ಎಂದು ಬೇರೆ ಮಾಡಿದರು. ಅಕ್ವಾಸ್ಟಾಟ್‌ನ ಮೂರು ಕಂಬಗಳು ನೀಲಿಯನ್ನು ಮಾತ್ರ ಎಣಿಸುತ್ತವೆ. ಸುಗ್ಗಿಯ ಕೊಯ್ಲಾದ ಮೇಲೆ ಗದ್ದೆಯ ಉಳಿದ ಪಸೆಯಲ್ಲೇ ಉದ್ದು, ಹೆಸರು ಬೆಳೆದುಕೊಳ್ಳುವ ನಮ್ಮ ರೂಢಿ ಆ ಲೆಕ್ಕದ ಪ್ರಕಾರ ನೀರನ್ನೇ ಮುಟ್ಟಿಲ್ಲ.

ಕೋಷ್ಟಕದ ಕಣ್ಣಿಗೆ ಬೀಳದ ಇನ್ನೊಂದು ದೊಡ್ಡ ಬಳಕೆಯಿದೆ. ಅದನ್ನು ನೋಡಬೇಕಾದರೆ ಘಟ್ಟ ಹತ್ತಬೇಕು.

ವಾರಾಹಿಯನ್ನು ಮೇಲೆ, ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ತಡೆದು ನಿಲ್ಲಿಸಿದ್ದಾರೆ. ಸುಮಾರು 31 ಟಿಎಂಸಿ ಅಡಿಯ ಜಲಾಶಯ. ಅಲ್ಲಿಂದ ಸುರಂಗದೊಳಗೆ ಇಳಿದ ನೀರು ಘಟ್ಟದ ಬುಡದ ಹೊಸಂಗಡಿಯಲ್ಲಿ, ನೆಲದಡಿಯ ವಿದ್ಯುದಾಗಾರದ ಚಕ್ರ ತಿರುಗಿಸಿ ಹೊರಗೆ ಬರುತ್ತದೆ. 1989ರಲ್ಲಿ ಶುರುವಾದ ಈ ಸ್ಥಾವರಕ್ಕೆ 2009ರಲ್ಲಿ ಇನ್ನೆರಡು ಘಟಕ ಸೇರಿ ಈಗ 115 ಮೆಗಾವಾಟ್‌ನ ನಾಲ್ಕು, ಒಟ್ಟು 460 ಮೆಗಾವಾಟ್. ಇದಕ್ಕಾಗಿ ಕುಂಚಿಕಲ್ ಅಬ್ಬಿ ತನ್ನ ಧ್ವನಿಯನ್ನು ಕೊಟ್ಟಿತು. ನಾನೂರೈವತ್ತು ಮೀಟರಿಗೂ ಹೆಚ್ಚು ಎತ್ತರದ ಆ ಜಲಪಾತ ಈಗ ಮಳೆಗಾಲದಲ್ಲಿ ಮಾತ್ರ ತನ್ನ ಇರವು ತೋರಿಸುತ್ತದೆ. ಇಷ್ಟಾದರೂ ಕೃಷಿ, ಕೈಗಾರಿಕೆ, ಮನೆ ಎಂಬ ಮೂರರಲ್ಲಿ ಯಾವುದರಲ್ಲೂ ಈ ನೀರಿಗೆ ಜಾಗವಿಲ್ಲ. ಚಕ್ರ ತಿರುಗಿಸಿದ ನೀರು ಹಾಗೆಯೇ ಹೊಳೆಗೆ ಮರಳುತ್ತದಲ್ಲ, ಬಳಸಿದಂತಾಯಿತೆಲ್ಲಿ ಎಂಬುದು ವಾದ. ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲನ್ನು ನೀರಿನಿಂದಲೇ ತೆಗೆಯುವ ನಾರ್ವೆಯೂ ಇದೇ ಕಾರಣಕ್ಕೆ ಆ ಕೋಷ್ಟಕದಲ್ಲಿ ಸಣ್ಣ ಬಳಕೆದಾರನಾಗಿ ಕಾಣಿಸುತ್ತದೆ.

ಮರಳುವುದೇನೋ ನಿಜ. ಆದರೆ ಎಲ್ಲಿಗೆ, ಯಾವಾಗ ಎಂದು ಕೇಳಬೇಕಾಗುತ್ತದೆ. ಚಕ್ರಾ ಹೊಳೆಯ ಕತೆ ಕೇಳಿ. ಪಂಚಗಂಗಾವಳಿಯ ಐವರಲ್ಲಿ ಅವಳೂ ಒಬ್ಬಳು. ಘಟ್ಟದ ಮೇಲೆ ಸಾವೇಹಕ್ಲು ಮತ್ತು ಚಕ್ರಾ ಅಣೆಕಟ್ಟುಗಳಲ್ಲಿ ನಿಂತ ನೀರನ್ನು ಕಾಲುವೆ ತೋಡಿ ಪೂರ್ವಕ್ಕೆ ತಿರುಗಿಸಿ ಲಿಂಗನಮಕ್ಕಿಗೆ ಸೇರಿಸುತ್ತಾರೆ. ಗಂಗೊಳ್ಳಿಯಲ್ಲಿ ಕಡಲು ಕಾಣಬೇಕಾಗಿದ್ದ ಮಳೆ ಶರಾವತಿಯ ಟರ್ಬೈನುಗಳನ್ನು ಸುತ್ತಿ ಹೊನ್ನಾವರದಲ್ಲಿ ಕಡಲು ಕಾಣುತ್ತದೆ. ಈ ತಿರುವಿಗೆ ಯಾವ ದೇಶದ ಕೋಷ್ಟಕದಲ್ಲೂ ಸಾಲಿಲ್ಲ, ‘ಬಳಕೆ’ ಸೊನ್ನೆ.

ವಾರಾಹಿಯ ವಿಷಯದಲ್ಲಿ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ಜಲಾಶಯದ ನೀರು ಬೇಸಗೆಯಲ್ಲೂ ಟರ್ಬೈನಿನ ಮೂಲಕ ಇಳಿಯುವುದರಿಂದ ಹೊಸಂಗಡಿಯಿಂದ ಕೆಳಗೆ ವಾರಾಹಿ ಮಾರ್ಚ್, ಏಪ್ರಿಲ್‌ಗಳಲ್ಲೂ ಹರಿಯುವ ಹೊಳೆಯಾಯಿತು. ಬೇರೆ ಹೊಳೆಗಳು ಗುಂಡಿ ಗುಂಡಿಯಾಗಿ ಒಡೆದುಹೋಗುವ ಹೊತ್ತಿನಲ್ಲಿ ಇದೊಂದು ಭಾಗ್ಯವೇ. ಎಲ್ಲೋ ಬೆಂಗಳೂರಿನಲ್ಲಿ ಫ್ಯಾನುಗಳು ಜೋರಾಗಿ ತಿರುಗಿದರೆ ಇಲ್ಲಿ ಘಟ್ಟದ ಬುಡದಲ್ಲಿ ಹೊಳೆ ಏರುತ್ತದೆ ಎಂದು ತಮಾಷೆಗೆ ಹೇಳಬಹುದು. ತಮಾಷೆಯೊಳಗೆ ಸತ್ಯವೂ ಇದೆ: ಹೊಳೆಯ ಗೇಟಿನ ಕೀಲಿ ಹೊಳೆಸಾಲಿನವರ ಸೊಂಟದಲ್ಲಿಲ್ಲ.

ಹೀಗೆ ಹೊರಬಿದ್ದ ನೀರನ್ನು ಗದ್ದೆಗೆ ತಿರುಗಿಸುವುದೇ ವಾರಾಹಿ ನೀರಾವರಿ ಯೋಜನೆ. ಮಂಜೂರಾದದ್ದು 1979ರಲ್ಲಿ, ಅಂದಾಜು 9.43 ಕೋಟಿ ರೂಪಾಯಿ. 15,702 ಹೆಕ್ಟೇರಿಗೆ ನೀರು ಎಂಬ ಲೆಕ್ಕ. ಹೊರಿಯಬ್ಬೆಯ ಒಡ್ಡಿನಿಂದ ಎಡದಂಡೆಯ ಕಾಲುವೆಗೆ ನೀರು ಬಿಟ್ಟದ್ದು 2015ರಲ್ಲಿ. ನಡುವೆ ಮೂವತ್ತಾರು ವರ್ಷ. ಹತ್ತು ಕೋಟಿಯೊಳಗಿನ ಅಂದಾಜು ನೂರಾರು ಕೋಟಿಯಾಯಿತು. ಆಗ ಹುಟ್ಟಿದ ಮಗು ನೀರು ಬರುವಾಗ ತನ್ನ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿತ್ತು.

ಈ ಮೂವತ್ತಾರು ವರ್ಷಗಳ ಬೆಲೆ ಏನೆಂದು ಯಾರಾದರೂ ನೋಡಬೇಕಿದ್ದರೆ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯ ಅಂಗಳಕ್ಕೆ ಹೋಗಬೇಕು. ದಕ್ಷಿಣ ಕನ್ನಡ ಸಹಕಾರಿ ಸಕ್ಕರೆ ಕಾರ್ಖಾನೆ 1980ರ ದಶಕದಲ್ಲಿ ಶುರುವಾದದ್ದು ವಾರಾಹಿಯ ನೀರು ಇನ್ನೇನು ಬಂತು ಎಂಬ ಭರವಸೆಯ ಮೇಲೆ. ಕಬ್ಬು ಹನ್ನೆರಡು ತಿಂಗಳ ಬೆಳೆ. ನಾಲ್ಕು ತಿಂಗಳ ಮಳೆ ಅದಕ್ಕೆ ಸಾಲದು. ನೀರು ಬರಲಿಲ್ಲ, ಕಬ್ಬು ಸಾಕಷ್ಟು ಬರಲಿಲ್ಲ, ಈ ಶತಮಾನದ ಮೊದಲ ವರ್ಷಗಳಲ್ಲಿ ಗಾಣ ನಿಂತಿತು. ಆಮೇಲೆ ನೀರು ಬಂತು. ಸೌದಿ ಅರೇಬಿಯ ಇದಕ್ಕೆ ತೀರಾ ವಿರುದ್ಧ ದಿಕ್ಕಿನಿಂದ ಸೋತ ದೇಶ. ಸಾವಿರಾರು ವರ್ಷ ಹಿಂದೆ ನೆಲದಾಳ ಸೇರಿದ್ದ ನೀರನ್ನು ಎಳೆದು, ಮರಳುಗಾಡಿನಲ್ಲಿ ಗೋಧಿ ಬೆಳೆದು, 1990ರ ದಶಕದ ಆರಂಭದಲ್ಲಿ ಗೋಧಿ ರಫ್ತಿನ ದೊಡ್ಡ ದೇಶಗಳ ಸಾಲಿನಲ್ಲಿ ಕೂತಿತ್ತು. ಬಾವಿಗಳ ತಳ ಕಂಡ ಮೇಲೆ 2008ರಲ್ಲಿ ಹಂತ ಹಂತವಾಗಿ ಕೈಬಿಡುವ ನಿರ್ಧಾರ ಮಾಡಿತು. 2016ರ ಹೊತ್ತಿಗೆ ಸರ್ಕಾರ ಗೋಧಿ ಖರೀದಿಯನ್ನೇ ನಿಲ್ಲಿಸಿತು. ಅವರು ಮರಳಿ ಬಾರದ ನೀರಿನಲ್ಲಿ ಬೆಳೆದರು. ನಾವು ವರ್ಷ ವರ್ಷ ಬರುವ ನೀರನ್ನು ಹಿಡಿಯಲಾಗದೆ ಬೆಳೆಯನ್ನೇ ಕಳೆದುಕೊಂಡೆವು. ಅವರ ನಗರಗಳ ನಲ್ಲಿಯಲ್ಲಿ ಬರುವುದು ಬಹುಪಾಲು ಕಡಲಿನಿಂದ ಉಪ್ಪು ತೆಗೆದ ನೀರು. ಗಲ್ಫಿಗೆ ಹೋದ ನಮ್ಮ ಬೈಂದೂರು, ಗಂಗೊಳ್ಳಿಯ ಹುಡುಗರು ಅದರಲ್ಲೇ ಸ್ನಾನ ಮಾಡಿ, ಊರಿಗೆ ಫೋನ್ ಮಾಡಿದಾಗ ಬಾಮಿಯಲ್ಲಿ ನೀರಿದೆಯಾ ಎಂದು ವಿಚಾರಿಸುತ್ತಾರೆ.

ಕಾಲುವೆಯ ನೀರು ಬರುವಷ್ಟರಲ್ಲಿ ಗದ್ದೆಯೂ ಕಾಯುತ್ತ ಕೂತಿರಲಿಲ್ಲ. ಬೇಸಗೆಯ ಕೊಳಕೆ ಬೇಸಾಯ ಮಾಡುತ್ತಿದ್ದ ಕೈಗಳು ಬೆಂಗಳೂರು, ಮುಂಬೈಗಳ ಹೋಟೆಲು ಸೇರಿದ್ದವು. ಮಜಲು ಗದ್ದೆಗಳಲ್ಲಿ ಅಡಿಕೆ ಎದ್ದಿತ್ತು. ಅಡಿಕೆಗೆ ಬೇಸಗೆಯಲ್ಲಿ ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಎಕರೆಗೆ ಐನೂರ ನಲವತ್ತು ಮರವೆಂದರೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್, ಅಂದರೆ 55 ಲೀಟರಿನ ಲೆಕ್ಕದಲ್ಲಿ ನೂರೆಂಬತ್ತು ಜನರ ಪಾಲು. ಇದು ಹನಿ ಕೊಳವೆ ಹಾಕಿದವರ ಮಾತು. ಸ್ಪ್ರಿಂಕ್ಲರ್ ಹಾರಿಸುವವರದು, ಹಳ್ಳದ ನೀರನ್ನು ಹಾಗೇ ತೋಟಕ್ಕೆ ನುಗ್ಗಿಸುವವರದು ಇನ್ನೂ ಮೇಲೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟು ಪುಕ್ಕಟೆ. ಹೀಗಿರುವಾಗ ಪಂಪು ಆರಿಸಲು ರಾತ್ರಿ ಯಾರು ಏಳುತ್ತಾರೆ? ತೋಟದವರನ್ನು ದೂರುವುದು ನನ್ನ ಉದ್ದೇಶವಲ್ಲ, ನನ್ನ ಮನೆಯಲ್ಲೂ ಎದ್ದವರಿಲ್ಲ. ಆದರೆ ‘ಕೃಷಿ’ ಎಂಬ ಒಂದೇ ಕಂಬದೊಳಗೆ ಆಸಾಡಿಯ ಭತ್ತವನ್ನೂ ಏಪ್ರಿಲ್‌ನ ಅಡಿಕೆಯನ್ನೂ ಕೂರಿಸಿದರೆ ಇಬ್ಬರಿಗೂ ಅನ್ಯಾಯ. ಜುಲೈಯಲ್ಲಿ ಹತ್ತು ಸಾವಿರ ಲೀಟರಿಗೆ ಇಲ್ಲಿ ಬೆಲೆಯೇ ಇಲ್ಲ. ಏಪ್ರಿಲ್‌ನಲ್ಲಿ ಅದೇ ಹತ್ತು ಸಾವಿರ ಲೀಟರ್ ಎರಡು ಟ್ಯಾಂಕರ್.

ನಮ್ಮ ಜೊತೆ ಹೋಲಿಸಬೇಕಾದ ದೇಶ ಜಪಾನ್ ಎಂದು ನನಗೆ ಅನಿಸಿದೆ. ಅದೂ ಮಳೆಯ ನಾಡು, ಅನ್ನದ ನಾಡು, ಬೆಟ್ಟದಿಂದ ಕಡಲಿಗೆ ಧುಮ್ಮಿಕ್ಕುವ ಗಿಡ್ಡ ಹೊಳೆಗಳ ನಾಡು. ಅಷ್ಟೊಂದು ಕಾರ್ಖಾನೆಗಳಿದ್ದೂ ಅಲ್ಲಿ ಎತ್ತಿದ ನೀರಿನ ಮೂರರಲ್ಲಿ ಎರಡು ಪಾಲು ಈಗಲೂ ಕೃಷಿಗೆ, ಅದರಲ್ಲೂ ಬಹುಪಾಲು ಭತ್ತದ ಗದ್ದೆಗಳಿಗೆ. ಆ ನೀರಿನ ತೂಬು, ತೋಡುಗಳನ್ನು ನೋಡಿಕೊಳ್ಳುವುದು ಗದ್ದೆಯವರೇ ಸೇರಿ ಕಟ್ಟಿಕೊಂಡ, ಕಾನೂನಿನ ಮಾನ್ಯತೆಯುಳ್ಳ ಸಂಘಗಳು. ನಮಗೆ ಇದು ಹೊಸತಲ್ಲ. ಮಳೆ ಹಿಂದೆ ಸರಿದ ಮೇಲೆ ಬೈಲಿನ ಮನೆಗಳವರು ಒಂದು ದಿನ ಗೊತ್ತು ಮಾಡಿ, ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು, ಮರದ ಗೂಟ ಹಾಕಿ ಕಟ್ಟ ಕಟ್ಟುತ್ತಿದ್ದರು. ಮನೆಗೊಂದಾಳು ಬರಲೇಬೇಕು. ಬಾರದವನ ಗದ್ದೆಗೆ ನೀರಿನ ಸರದಿ ಬರುವಾಗ ಜನರಿಗೆ ನೆನಪು ಚೆನ್ನಾಗಿರುತ್ತಿತ್ತು. ಗುಡ್ಡದ ಓರೆಯ ಮದಗಗಳ ಹೂಳೆತ್ತುವುದಕ್ಕೂ ಹೀಗೇ. ಕಟ್ಟದಲ್ಲಿ ನಿಂತ ನೀರು ಗದ್ದೆಗೆ ಹೋದದ್ದಕ್ಕಿಂತ ಹೆಚ್ಚಾಗಿ ನೆಲಕ್ಕಿಳಿದು ಕೆಳಗಿನ ಬಾಮಿಗಳನ್ನು ಮೇ ತಿಂಗಳವರೆಗೆ ದಾಟಿಸುತ್ತಿತ್ತು. ಮುರಕಲ್ಲಿನ ನೆಲ ಜರಡಿಯ ಹಾಗೆ, ತಡೆದರೆ ಮಾತ್ರ ತುಂಬುತ್ತದೆ. ಅದನ್ನು ಕೃಷಿ ಬಳಕೆ ಎನ್ನಬೇಕೋ ಕುಡಿಯುವ ನೀರು ಎನ್ನಬೇಕೋ? ಕಟ್ಟ ಕಟ್ಟಿದವರು ಆ ಪ್ರಶ್ನೆ ಕೇಳಿಕೊಂಡವರಲ್ಲ.

ಕೈಗಾರಿಕೆಯ ಕಂಬದ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಭತ್ತ ಬೇಯಿಸುವ ಕುಚ್ಚಲಕ್ಕಿ ಮಿಲ್ಲುಗಳು, ಗೇರುಬೀಜದ ಕಾರ್ಖಾನೆಗಳು, ಮೀನಿಗೆ ಬೇಕಾದ ಮಂಜುಗಡ್ಡೆಯ ಘಟಕಗಳು, ಒಂದೊಂದಾಗಿ ಬಾಗಿಲು ಹಾಕಿಕೊಂಡ ಹೆಂಚಿನ ಕಾರ್ಖಾನೆಗಳು. ಉಡುಪಿ ಜಿಲ್ಲೆಯ ದಕ್ಷಿಣ ತುದಿಯಲ್ಲಿ, ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ತಂಪಿಗೆ ಕಡಲ ನೀರನ್ನೇ ಬಳಸುತ್ತದೆ. ಜರ್ಮನಿ, ಅಮೆರಿಕಗಳ ಕಂಬವನ್ನು ಉದ್ದ ಮಾಡಿದ ಆ ‘ತಂಪು’ ನಮ್ಮ ಹೊಳೆಗಳ ಪಾಲಿಗೆ ಬಂದಿಲ್ಲ ಎಂಬುದು ಸಮಾಧಾನವೇ.

ಪೇಟೆಗಳದು ಬೇರೆ ಮಾತು. 2019ರ ಮೇ ತಿಂಗಳಲ್ಲಿ ಸ್ವರ್ಣೆಗೆ ಕಟ್ಟಿದ ಬಜೆ ಅಣೆಕಟ್ಟೆ ತಳ ಕಂಡಾಗ ಉಡುಪಿ ನಗರಕ್ಕೆ ನೀರು ಸರದಿಯ ಮೇಲಾಯಿತು. ಹೋಟೆಲುಗಳ ಊರಿನಲ್ಲಿ ಹೋಟೆಲುಗಳೇ ಕಂಗಾಲಾದವು. ಪರಿಹಾರವಾಗಿ ಬಂದದ್ದು ಹಾಲಾಡಿ ಕಡೆಯಿಂದ ವಾರಾಹಿಯನ್ನು ಪೈಪಿನಲ್ಲಿ ಉಡುಪಿಗೆ ಒಯ್ಯುವ ಯೋಜನೆ. ಕುಂದಾಪುರ ಪೇಟೆಗೂ ಜಪ್ತಿಯಿಂದ ಬರುವುದು ಇದೇ ಹೊಳೆಯ ಬಳಗದ ನೀರು. ಸೌಕೂರಿನ ಏತ ನೀರಾವರಿ ಇದರದ್ದೇ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳೂ ಇದರ ಕಡೆಗೇ ನೋಡುತ್ತಿವೆ. ಮನೆಯಲ್ಲಿ ದುಡಿಯುವ ಮಗ ಒಬ್ಬನೇ ಆದರೆ ಎಲ್ಲರೂ ಅವನಿಗೇ ಪತ್ರ ಬರೆಯುತ್ತಾರಲ್ಲ, ಹಾಗೆ.

ಈ ಪಾಲುದಾರರೆಲ್ಲ ಒಪ್ಪುವ ಒಂದು ಮಾತಿದೆ: ‘ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ.’ ಸಭೆಗಳಲ್ಲಿ ಇದನ್ನು ಹೇಳಿದರೆ ಚಪ್ಪಾಳೆ ಖಚಿತ. ನಾನೂ ಬಹಳ ವರ್ಷ ತಟ್ಟಿದವನು. ಕುದ್ರುವಿನ ಬೆಲ್ಲ-ನೀರಿನ ಮುಂದೆ ಆ ಚಪ್ಪಾಳೆ ನಿಂತುಹೋಗುತ್ತದೆ. ಅಲ್ಲಿಯ ಮರಳು ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಉಪ್ಪುನೀರು ಭಾರ ಹೆಚ್ಚು. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ನಲವತ್ತು ಅಡಿಯವರೆಗೆ ಅದು ಉಪ್ಪನ್ನು ಒತ್ತಿ ಹಿಡಿಯಬಲ್ಲದು ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಲೆಕ್ಕವನ್ನು ತಿರುಗಿಸಿ ಓದಿ: ಮೇಲೆ ಒಂದಡಿ ಇಳಿದರೆ ಕೆಳಗೆ ನಲವತ್ತು ಅಡಿ ಉಪ್ಪು ಏರುತ್ತದೆ. ಕೊಡಪಾನದಲ್ಲಿ ಸೇದುವಾಗ ಬಾವಿ ತಡೆದುಕೊಳ್ಳುತ್ತಿತ್ತು. ಪಂಪು ತಡೆದುಕೊಳ್ಳುವುದಿಲ್ಲ. ಹೊಳೆಯಲ್ಲೂ ಇದೇ ಕುಸ್ತಿ. ಮೇಲಿಂದ ನೀರಿನ ಒತ್ತು ಕಡಿಮೆಯಾದ ದಿನ ಭರತದ ಜೊತೆ ಕಡಲು ಒಳಗೆ ನಡೆದು ಬರುತ್ತದೆ, ಹೊಳೆಬದಿಯ ಗದ್ದೆ ಸುಡುತ್ತದೆ, ತೆಂಗಿನ ಗರಿ ಕೆಂಪಾಗುತ್ತದೆ. ಅಳಿವೆಯ ಸಪ್ಪೆ-ಉಪ್ಪಿನ ಹದವನ್ನೇ ನೆಚ್ಚಿ ಬದುಕುವ ಮೀನು, ಸಿಗಡಿ, ಕಪ್ಪೆಚಿಪ್ಪಿನ ಸಂಸಾರ ಬೇರೆ. ಸಮುದ್ರಕ್ಕೆ ಹೋಗುವ ನೀರು ದಾರಿಯಲ್ಲಿ ಕೆಲಸ ಮಾಡಿಕೊಂಡೇ ಹೋಗುತ್ತದೆ. ಆ ಕೆಲಸಕ್ಕೆ ಸಂಬಳ ಬರೆಯುವ ಪುಸ್ತಕ ಇಲ್ಲ, ಅಷ್ಟೆ.

ಅಂಥ ಪುಸ್ತಕ ಇಟ್ಟಿರುವ ದೇಶವೊಂದಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬರಗಾಲ ಬಂದರೆ ನೀರನ್ನು ಯಾರಿಗೆ ಮೊದಲು ಕೊಡಬೇಕೆಂಬುದಕ್ಕೆ ಕಾನೂನಿನಲ್ಲೇ ಒಂದು ಸರದಿಯಿದೆ. ಮೊದಲ ಸ್ಥಾನ ಕುಡಿಯುವ ನೀರಿನದಲ್ಲ ಎಂದರೆ ನಮ್ಮವರಿಗೆ ನಂಬಿಕೆ ಬಾರದು. ಕಟ್ಟೆಗಳು ಒಣಗಿ ಬಿರಿಯದಂತೆ, ನೆಲ ಕುಸಿಯದಂತೆ, ಒಮ್ಮೆ ಕೆಟ್ಟರೆ ಸರಿಯಾಗದಂಥದ್ದು ಕೆಡದಂತೆ ನೋಡಿಕೊಳ್ಳುವುದು ಮೊದಲು. ಕುಡಿಯುವ ನೀರು ಮತ್ತು ವಿದ್ಯುತ್ ಎರಡನೆಯದು. ಸಾಧಾರಣ ಬೇಸಾಯ, ಹಡಗು, ಕಾರ್ಖಾನೆ ಕೊನೆಗೆ. ರೈನ್ ನದಿಯ ನೀರಿನ ಒಂದು ಪಾಲನ್ನು ಕಡಲಿನ ಉಪ್ಪನ್ನು ಬಾಗಿಲಲ್ಲೇ ತಡೆಯಲು ಬಿಡುತ್ತಾರೆ, ಅದನ್ನು ವ್ಯರ್ಥವೆಂದು ಯಾರೂ ಕರೆಯುವುದಿಲ್ಲ. ಕಡಲಿಗಿಂತ ತಗ್ಗಿನಲ್ಲಿ ಬದುಕುವವರಿಗೆ ಈ ಲೆಕ್ಕ ಬೇಗ ತಿಳಿದಿದೆ. ನಮ್ಮಲ್ಲಿ 1987ರ ರಾಷ್ಟ್ರೀಯ ಜಲನೀತಿಯ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ನೀರಾವರಿ, ಜಲವಿದ್ಯುತ್, ನೌಕಾಯಾನ, ಕೈಗಾರಿಕೆ ಇದ್ದವು, ಪರಿಸರ ಇರಲಿಲ್ಲ. 2002ರ ನೀತಿಯಲ್ಲಿ ಅದಕ್ಕೆ ನಾಲ್ಕನೆಯ ಮಣೆ ಹಾಕಿದರು. ಊಟಕ್ಕೆ ನಾಲ್ಕನೆಯ ಪಂಕ್ತಿಯಲ್ಲಿ ಕೂತವನಿಗೆ ಪಾಯಸ ಸಿಗುವುದು ಅಡುಗೆಯವನ ದಯೆಯಿಂದ.

ನಮ್ಮ ಕಡೆ ಉಪ್ಪನ್ನು ಬಾಗಿಲಲ್ಲಿ ತಡೆಯುವ ಕೆಲಸ ಕಿಂಡಿ ಅಣೆಕಟ್ಟುಗಳದ್ದು. ಸೌಪರ್ಣಿಕೆಗೆ ಬಂಟ್ವಾಡಿಯಲ್ಲಿ ಒಂದಿದೆ. ಸಣ್ಣವು ತೋಡು ತೋಡಿಗೂ ಇವೆ, ಖಾರ್‌ಲ್ಯಾಂಡ್ ಯೋಜನೆ, ಪಶ್ಚಿಮ ವಾಹಿನಿ ಎಂದು ಬೇರೆ ಬೇರೆ ಹೆಸರಿನಲ್ಲಿ ಕಟ್ಟಿದವು. ಕಾಂಕ್ರೀಟು ಸರ್ಕಾರದ್ದು, ಜೀವ ಇರುವುದು ಹಲಗೆಯಲ್ಲಿ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು. ತಡವಾದರೆ ಸಿಹಿನೀರು ಇಳಿದುಹೋಗಿ ಉಪ್ಪುನೀರು ಹತ್ತಿರುತ್ತದೆ, ಆಮೇಲೆ ಹಾಕಿದ ಹಲಗೆ ಉಪ್ಪನ್ನೇ ಒಳಗೆ ಕೂಡಿಹಾಕುತ್ತದೆ. ಮುಂಗಾರಿನ ಮೊದಲು ಹಲಗೆ ತೆಗೆಯಬೇಕು. ತಡವಾದರೆ ಮೊದಲ ನೆರೆ ಬದಿಯ ಗದ್ದೆಗಳನ್ನು ಮುಳುಗಿಸುತ್ತದೆ, ಬೇಗ ತೆಗೆದರೆ ಭರತಕ್ಕೆ ಬಾಗಿಲು ತೆರೆದಂತೆ. ಇದನ್ನು ಯಾವ ಕಚೇರಿಯ ಸುತ್ತೋಲೆಯೂ ಸರಿಯಾಗಿ ಹೇಳಲಾರದು.

ಒಂದು ವರ್ಷ ಮೇ ಕೊನೆಗೆ ಇಂಥದೊಂದು ಸಣ್ಣ ಅಣೆಕಟ್ಟಿನ ಮೇಲೆ ನಿಂತಿದ್ದೆ. ಘಟ್ಟದ ಮೇಲೆ ಮೋಡ ಕಪ್ಪಾಗಿತ್ತು. ಹಲಗೆ ತೆಗೆಯುವುದೋ ಬೇಡವೋ ಎಂದು ಹತ್ತು ಜನ ಹತ್ತು ಮಾತಾಡುತ್ತಿದ್ದರು. ಒಬ್ಬರ ಕೈಯಲ್ಲಿದ್ದ ಮೊಬೈಲಿನಲ್ಲಿ ಹವಾಮಾನ ಇಲಾಖೆಯ ನಕ್ಷೆ. ಎಲ್ಲರಿಗಿಂತ ಹಿರಿಯರೊಬ್ಬರು ಮಾತಿಗೆ ಸೇರದೆ ಕೆಳಗಿಳಿದು, ಅಣೆಕಟ್ಟಿನ ಕಡಲ ಬದಿಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಈಚೆ ಬದಿಗೆ ಬಂದು ಅಲ್ಲೂ ಬೆರಳು ಅದ್ದಿದರು. ಬಾಯಿ ಚಪ್ಪರಿಸಿ, ಪಂಚೆಗೆ ಕೈ ಒರೆಸಿಕೊಂಡರು.

‘ಇನ್ನೆರ್ಡ್ ದಿನ ಕಾಂಬ’ ಅಂದರು. ಹಲಗೆ ಅಲ್ಲೇ ಉಳಿಯಿತು.